ಹಳೆ ಸರ್ಕಾರದ ಏಣಿ

ಭಾಲ್ಕಿಯಲ್ಲಿ ಒಂದು ಸರ್ಕಾರಿ ಕಚೇರಿ. ಯಾವ ಇಲಾಖೆಯದು ಎಂದು ಹೇಳುವುದು ಬೇಡ. ಎಲ್ಲ ಇಲಾಖೆಗಳಿಗೂ ಬೇಜಾರಾದೀತು. ಪೊಲೀಸ್ ಕಾರ್ಯಾಚರಣೆಯಾಗಿ ಸರ್ಕಾರ ಬದಲಾಯಿತು, ಗೋಡೆಯ ಪಟ ಬದಲಾಯಿತು, ಸಾಹೇಬರೂ ಬದಲಾದರು. ದಫ್ತರ ಕೋಣೆಯ ಏಣಿ ಮಾತ್ರ ನಿಜಾಮರ ಕಾಲದಲ್ಲಿ ಎಲ್ಲಿ ಒರಗಿತ್ತೋ ಅಲ್ಲೇ ಒರಗಿತ್ತು. ಅದರ ನಡುವಿನ ಮೆಟ್ಟಿಲನ್ನು ಒರಲೆ ತಿಂದು ಹಪ್ಪಳ ಮಾಡಿತ್ತು. ಸುತ್ತಿದ್ದ ಪುಂಡಿ ಹಗ್ಗವೇ ಅದರ ಜೀವ.

ಕಾಗದದ ಗಂಟುಗಳೆಲ್ಲ ಅಟ್ಟದ ಮೇಲೆ. ಅವನ್ನು ಇಳಿಸಿ ಏರಿಸುವ ದಫ್ತರಿ ಬಕ್ಕಪ್ಪ ದಿನಾ ಆ ಮೆಟ್ಟಿಲನ್ನು ದಾಟಿಯೇ ಹತ್ತುತ್ತಿದ್ದ, ದಾಟಿಯೇ ಇಳಿಯುತ್ತಿದ್ದ. ಅಂದು ಬೆಳಿಗ್ಗೆ ತಲೆಯ ಮೇಲೆ ಗಂಟು ಹೊತ್ತು ಇಳಿಯುವಾಗ ಸೀನು ಬಂತು. ಸೀನಿದ. ಕಾಲು ದಾಟುವುದನ್ನು ಮರೆಯಿತು. ಮೆಟ್ಟಿಲು ಮುರಿದು ಅವನ ಜೊತೆಗೇ ನೆಲಕ್ಕೆ ಬಂತು.

"ಯಪ್ಪಾ, ಸತ್ತೆನೋ!"

ಸಾಹೇಬರ ಮುಂದೆ ಕಾಗದ ಇಡುವ ಪೇಶಕಾರ ಗೋರಖನಾಥ ಓಡಿ ಬಂದು ಮೊದಲು ಗಂಟು ನೋಡಿದರು. "ಕಾಗದ ಹರಿದಿಲ್ಲಲ್ಲಾ?"

"ಕಾಗದ ಅರಾಮ ಅವ್ರಿ. ನನ್ನ ಕಾಲ ನೋಡ್ರಿ."

ಹಿಮ್ಮಡಿ ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬುತ್ತಿತ್ತು. ನೀರು ತುಂಬುವ ಸಖುಬಾಯಿ ಅರಿಶಿಣ ಸುಣ್ಣ ಕಲಸಿಕೊಂಡು ಬಂದಳು. ಚೌಕೀದಾರ ಧೊಂಡಿಬಾ, ಕುರಿ ಸಾಕುವ ಮನೆತನದವನು, ತೋಳು ಏರಿಸಿ ಕುಕ್ಕರಗಾಲಲ್ಲಿ ಕೂತ.

"ಎಷ್ಟೋ ಕುರಿ ಕಾಲ ಕೂಡಿಸೀನಿ ಕಾಕಾ. ಒಮ್ಮಿ ಜಗ್ತೀನಿ."

"ನಾ ಕುರಿ ಅಲ್ಲೋ!"

"ಖರೆ. ಕುರಿ ಇಷ್ಟು ಒದರೂದಿಲ್ಲ," ಎಂದವನೇ ಜಗ್ಗಿದ. ಬಕ್ಕಪ್ಪನ ಕೂಗಿಗೆ ಅಟ್ಟದ ಪಾರಿವಾಳಗಳು ಎದ್ದು ಹೋದವು. ಧೊಂಡಿಬಾ ಬಿದಿರು ಕಡ್ಡಿ ಇಟ್ಟು ಕುರಿಗೆ ಕಟ್ಟಿದಂತೆಯೇ ಪಟ್ಟಿ ಕಟ್ಟಿದ.

ಪೇಶಕಾರರು ಬಗ್ಗಿ ಮೆಲ್ಲಗೆ ಹೇಳಿದರು: "ಬಕ್ಕಪ್ಪಾ, ಮನ್ಯಾಗ ಬಿದ್ದೀನಿ ಅಂತ ಹೇಳು. ಕಚೇರ್ಯಾಗ ಅಂದ್ರ ಬೀದರದಿಂದ ತಪಾಸಣಿ ಬರ್ತದ. ಹಳೆ ನೌಕರಸ್ಥರನ್ನ ತಗೀಲಿಕ್ಕ ನೆವಾ ಹುಡುಕ್ಲಾಕತ್ಯಾರ. ಕುಂಟ ದಫ್ತರಿ ಯಾರಿಗಿ ಬೇಕು?"

ನೌಕರಿಯ ಮಾತು ಬಂದೊಡನೆ ಬಕ್ಕಪ್ಪ ಹೂಂ ಅನ್ನುವುದರಲ್ಲಿದ್ದ. ಆದರೆ ಕಾಲು ಚಳಕು ಹೊಡೆಯಿತು. ಅದರ ಜೊತೆ ಸಿಟ್ಟೂ ಏರಿತು.

"ಮೆಟ್ಟಲ ದುರಸ್ತಿ ಮಾಡಸ್ರಿ ಅಂತ ಕೇಳ್ದಾಗೆಲ್ಲ ನೀವು ಏನಂದ್ರಿ?"

"ಏಣಿ ಹಳೆ ಸರ್ಕಾರದ್ದು, ಹೊಸ ಸರ್ಕಾರ ಅದಕ್ಕ ಯಾಕ ಕೈ ಹಾಕ್ತದ ಅಂದೆ."

"ಏಣಿ ಹಳೆ ಸರ್ಕಾರದ್ದೇ ಇರ್ಲ್ರಿ. ಕಾಲು ಹೊಸ ಸರ್ಕಾರದ್ದದ! ಮನ್ಯಾಗ ಬಿದ್ದೀನಿ ಅಂತ ಸತ್ರೂ ಹೇಳೂದಿಲ್ಲ. ಏಣಿ ಬದಲಾಗೋ ತನಕ ಇಲ್ಲಿಂದ ಏಳೂದೂ ಇಲ್ಲ." ಗಂಟನ್ನೇ ತಲೆಗಿಂಬು ಮಾಡಿಕೊಂಡು ಬಕ್ಕಪ್ಪ ಕಾಲು ಚಾಚಿದ.

ಆ ಗಂಟಿಗಾಗಿ ಕಾದು ಕಾದು ಸಾಕಾಗಿ ಸಾಹೇಬರೇ ಎದ್ದು ಬಂದರು. ಪೇಶಕಾರರು ಮುಂದಾದರು: "ಪಾಪ, ಬಕ್ಕಪ್ಪ ಮನ್ಯಾಗ ಬಿದ್ದು..."

"ಸುಳ್ಳ್ರಿ ಸಾಹೇಬ್ರ! ಇಲ್ಲೇ ಬಿದ್ದೀನಿ. ಮೆಟ್ಟಲ ನೋಡ್ರಿ."

ಸಾಹೇಬರು ಮೆಟ್ಟಿಲು ಎತ್ತಿದರು. ಅರ್ಧ ಕೈಯಲ್ಲಿ ಉಳಿಯಿತು, ಅರ್ಧ ಪುಡಿಯಾಗಿ ಬೂಟಿನ ಮೇಲೆ ಉದುರಿತು. "ಒರಲಿ ಹ್ಯಾಂಗ ಹತ್ತಿತು?"

"ಹಸಿ ನೆಲಕ್ಕ ಇಟ್ರ ಹತ್ತದೇ ಇರ್ತದೇನ್ರಿ? ಸರ್ಕಾರದ ಸಾಮಾನು ಎತ್ತಿ ಇಡಬೇಕಂತ ಇಲ್ಲಿ ಯಾರಿಗಿ ತಿಳೀತದ!" ಎಂದ ಬಕ್ಕಪ್ಪ ಮಲಗಿದಲ್ಲಿಂದಲೇ.

ಸಖುಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಸಾಹೇಬರು ಬೂಟು ಝಾಡಿಸಿ ತಲೆಯಾಡಿಸಿದರು.

"ಇವ ಅನ್ನೂದು ಬರೋಬರಿ ಅದ. ಪೇಶಕಾರ್, ಸಂಜಿ ಒಳಗ ಹೊಸ ಏಣಿ ಬರಬೇಕು. ಇವ ಹೇಳ್ದಂಗ ಅದನ್ನ ಜತನ ಮಾಡ್ರಿ. ಬಕ್ಕಪ್ಪಾ, ದವಾಖಾನಿಗಿ ಹೋಗು. ನಿನ್ನ ನೌಕರಿಗಿ ಏನೂ ಆಗೂದಿಲ್ಲ."

ಬಕ್ಕಪ್ಪ ಎತ್ತಿನ ಬಂಡಿಯಲ್ಲಿ ಮದುಮಗನಂತೆ ದವಾಖಾನೆಗೆ ಹೊರಟ. ಡಾಕ್ಟರರು ಧೊಂಡಿಬಾನ ಬಿದಿರು ಕಡ್ಡಿ ಬಿಚ್ಚಿ, ಕಾಲು ಒತ್ತಿ ನೋಡಿ, "ಎಲುಬು ಮುರಿದಿಲ್ಲ, ನೆಲಕ್ಕ ಊರಬ್ಯಾಡ," ಎಂದು ಹೊಸ ಪಟ್ಟಿ ಸುತ್ತಿದರು. ಬಡಗಿ ಮುರ್ತುಜಾ ಹೊಸ ಏಣಿ ಹೊತ್ತು ಕಚೇರಿ ಕಡೆ ಹೋದದ್ದನ್ನು ದವಾಖಾನೆಯ ಕಿಟಕಿಯಿಂದಲೇ ಕಂಡ ಬಕ್ಕಪ್ಪನಿಗೆ ಅರ್ಧ ನೋವು ಅಲ್ಲೇ ಇಳಿಯಿತು. ಮನೆಗೆ ಹೋಗುವ ಮೊದಲು ಅದನ್ನೊಮ್ಮೆ ಮುಟ್ಟಿ ನೋಡಬೇಕೆಂದು ಬಂಡಿಯನ್ನು ಕಚೇರಿ ಕಡೆ ತಿರುಗಿಸಲು ಹೇಳಿದ.

ಕೋಲೂರಿ ಒಳಗೆ ಬಂದರೆ, ಗೋಡೆಗೆ ಅದೇ ಹಳೆ ಏಣಿ. ನಡುವೆ ಮೆಟ್ಟಿಲಿಲ್ಲದ ಕಡೆ ಹೊಸ ಹಗ್ಗ ಬಿಗಿದಿತ್ತು. ಅದರ ಕೆಳಗೆ ಧೊಂಡಿಬಾ ಅಂಗಾತ ಮಲಗಿ ನರಳುತ್ತಿದ್ದ. ಸಖುಬಾಯಿ ಬೆಳಗಿನ ಅರಿಶಿಣವನ್ನೇ ಅವನ ಮೊಣಕಾಲಿಗೆ ಬಳಿಯುತ್ತಿದ್ದಳು.

"ಹೊಸ ಏಣಿ ಎಲ್ಲ್ಯದ್ರಿ?"

ಪೇಶಕಾರರು ಹೆಮ್ಮೆಯಿಂದ ಮೇಲೆ ಕೈ ತೋರಿಸಿದರು. "ನೀ ಹೇಳ್ದಂಗೇ ಎತ್ತಿ ಇಟ್ಟೀವಿ. ಇನ್ನ ಒರಲಿ ಅಪ್ಪ ಬಂದ್ರೂ ಮುಟ್ಟೂದಿಲ್ಲ."

ಅಟ್ಟದ ಮೇಲೆ, ಗಂಟುಗಳ ನಡುವೆ, ಹೊಸ ಏಣಿ ಹಾಯಾಗಿ ಮಲಗಿತ್ತು.

"ಇಳಸೂದು ಹ್ಯಾಂಗ್ರಿ?"

"ಹಳೇದು ಅದಲ್ಲಾ, ಹತ್ತಿ ಇಳಸೂದು. ನಾಳಿ ಸಾಹೇಬರಿಗಿ ಇನ್ನೊಂದು ಗಂಟು ಬೇಕಂತ. ಧೊಂಡಿಬಾ ಅಂತೂ ಬಿದ್ದ. ನೀನೇ ಲಗೂನ ಬಾ."

"ಇಟ್ಟು ಇಳಿಯೋ ಮುಂದ ಹಗ್ಗ ಜಾರ್ತು ಕಾಕಾ," ಎಂದ ಧೊಂಡಿಬಾ ಅಳುದನಿಯಲ್ಲಿ.

ಬಕ್ಕಪ್ಪ ಅಟ್ಟ ನೋಡಿದ, ತನ್ನ ಕಾಲು ನೋಡಿದ, ಪೇಶಕಾರರನ್ನು ನೋಡಿದ. ಕೋಲನ್ನು ಗೋಡೆಗೆ ಒರಗಿಸಿ ಮೆಲ್ಲಗೆ ನೆಲಕ್ಕೆ ಕೂತ. ಸಾಹೇಬರು ನೋಡಿ ಮುಗಿಸಿದ ಬೆಳಗಿನ ಗಂಟು ಮತ್ತೆ ಅಲ್ಲೇ ಬಂದು ಬಿದ್ದಿತ್ತು. ಅದನ್ನು ಎಳೆದು ಇಬ್ಬರಿಗೂ ಆಗುವಂತೆ ತಲೆಯ ಕಡೆ ಇಟ್ಟ.

"ಏ ಧೊಂಡಿಬಾ, ಸ್ವಲ್ಪ ಅತ್ತಾಗ ಸರಿ," ಎಂದ.