ಜೋಡಿ ತಂಬಿಗೆ, ಒಂದು ನೆಗ್ರೋನಿ

ತೀರಿಹೋಗುವ ಹಿಂದಿನ ದಿನ ಬೆಳಗ್ಗೆ ವಿರೂಪಾಕ್ಷಪ್ಪ ಬೈಲಹೊಂಗಲದ ತನ್ನ ಅಡುಗೆಮನೆಯಲ್ಲಿ ಲುಂಗಿ ಎತ್ತಿ ಕಟ್ಟಿ ಸಾರಿದ: "ಇಟಲಿ ಮಂದಿ ನೂರು ವರ್ಷದಿಂದ ತಪ್ಪು ಮಾಡ್ಯಾರ. ಇವತ್ತ ನಾ ತಿದ್ದತೇನಿ."

ಆ ತಪ್ಪಿನ ಹೆಸರು ನೆಗ್ರೋನಿ. ಕೆಂಪಗಿನ ಕಹಿ ಪೇಯ. ಮೊಬೈಲಿನಲ್ಲಿ ನೋಡಿದ್ದ. ಜಿನ್ ಒಂದು ಪಾಲು, ಸಿಹಿ ವೈನ್ ಒಂದು ಪಾಲು, ಕಹಿ ಮದ್ಯ ಒಂದು ಪಾಲು. ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಗೆ ಮೂವತ್ತು ವರ್ಷ ಕಬ್ಬಿನ ಲಾರಿ ಹೊಡೆದವನಿಗೆ ಜಿನ್ ಎಂಬ ಹೆಸರೇ ಅಪಮಾನ.

"ರಮ್ ಅಂದ್ರ ಕಾಕಂಬಿ. ಕಾಕಂಬಿ ಅಂದ್ರ ಕಬ್ಬು. ಕಬ್ಬು ಅಂದ್ರ ನಾ."

"ಹಂಗಾರ ಗಾಣದಾಗ ಹೋಗಿ ಕುಂಡ್ರಿ," ಎಂದಳು ಹೆಂಡತಿ ದೇವಕ್ಕ, ರೊಟ್ಟಿ ಬಡಿಯುತ್ತ.

ಮೊದಲ ಅವತಾರದಲ್ಲಿ ರಮ್ಮಿಗೆ ಮೆಂತ್ಯದ ನೀರು ಬಿತ್ತು. ಬೆಕ್ಕು ಮೂಸಿ ಎದ್ದು ಹೋಯಿತು. ಎರಡನೆಯದಕ್ಕೆ ಬೇವಿನ ಎಲೆ. ಈ ಸಲ ವಿರೂಪಾಕ್ಷಪ್ಪನೇ ಎದ್ದು ಹೋಗಿ ಬಚ್ಚಲಲ್ಲಿ ಉಗುಳಿ ಬಂದ. ಮೂರನೆಯದಕ್ಕೆ ಕಣ್ಣು ದೇವಕ್ಕನ ಹಾಗಲಕಾಯಿಯ ಮೇಲೆ ಬಿತ್ತು. ರಮ್ ಒಂದು ಪಾಲು, ಹಾಗಲಕಾಯಿ ರಸ ಒಂದು ಪಾಲು, ಕರಿದ್ರಾಕ್ಷಿ ರಸ ಒಂದು ಪಾಲು. ಕೆಂಪು ಬರಲೆಂದು ಬೀಟ್‌ರೂಟ್ ಹಿಂಡಿದ. ಕಣ್ಣು ಮುಚ್ಚಿ ಒಂದು ಗುಟುಕು ಕುಡಿದು, ಗೆದ್ದ ಪೈಲ್ವಾನನ ಹಾಗೆ ತೊಡೆ ತಟ್ಟಿದ.

"ಊರ ಮಂದಿ ಹೊಗಳೂದು ಬ್ಯಾಡ. ನೀ ಒಂದು ಚಮಚಾ ಕುಡದು ಛಲೋ ಆಗೇತಿ ಅಂದ್ರ ಸಾಕು. ನಲವತ್ತು ವರ್ಷದಾಗ ನಾ ಮಾಡಿದ್ದು ಒಂದೂ ಛಲೋ ಅಂದಿಲ್ಲ ನೀ."

"ಏನ್ ಮಾಡೀರಿ? ಒಮ್ಮೆ ಚಾ ಮಾಡಿದ್ರಿ. ಸೋಸೂದ ಮರತಿದ್ರಿ. ನಾ ಇನ್ನೂ ಅಗಿಯಾಕ ಹತ್ತೇನಿ."

ಅವನು ಅದನ್ನು ತಂಬಿಗೆಗೆ ಸುರಿದು ಫ್ರಿಜ್ಜಿನಲ್ಲಿಟ್ಟ. ಪಕ್ಕದಲ್ಲೇ ಅದರ ಜೋಡಿ ತಂಬಿಗೆ. ಎರಡೂ ಮದುವೆಯಲ್ಲಿ ಬಂದವು. ಆ ಜೋಡಿ ತಂಬಿಗೆಯಲ್ಲಿದ್ದದ್ದು ಬರೀ ಹಾಗಲಕಾಯಿ ರಸ. ಪಕ್ಕದ ಮನೆಯ ಬಾಳಕೃಷ್ಣ ಮಾಸ್ತರರಿಗೆ ಸಕ್ಕರೆ ಕಾಯಿಲೆ. ದಿನಾ ಸಂಜೆ ಅಡ್ಡಾಡಿ ಬಂದು, ದೇವಕ್ಕನ ಕಟ್ಟೆಯ ಮೇಲೆ ಕೂತು, ಆ ರಸ ಒಂದು ಲೋಟ ಕುಡಿದು, ಮುಖ ಕಿವುಚಿ ಹೋಗುವುದು ಆರು ವರ್ಷದ ರೂಢಿ.

ಆ ಸಂಜೆ ಕರೆಂಟ್ ಇರಲಿಲ್ಲ. ದೇವಕ್ಕ ಕೈಗೆ ಸಿಕ್ಕ ತಂಬಿಗೆ ಬಗ್ಗಿಸಿದಳು. ಮಾಸ್ತರರು ಕುಡಿದರು. ಮುಖ ಕಿವುಚಲಿಲ್ಲ.

"ಇನ್ನೊಂದು ಲೋಟ ಕೊಡವಾ."

ಎರಡನೆಯ ಲೋಟಕ್ಕೆ ಹತ್ತೊಂಬತ್ತರ ಮಗ್ಗಿಯನ್ನು ತಿರುಗುಮುರುಗಾಗಿ ಹೇಳಿದರು. ಮೂರನೆಯದಕ್ಕೆ, ಹುಡುಕಿಕೊಂಡು ಬಂದ ಹೆಂಡತಿ ರಾಧಾಬಾಯಿಗೆ ತಡವಾಗಿ ಬಂದೆಯೆಂದು ಗದರಿ, ಕಟ್ಟೆ ಹತ್ತಿ ನಿಲ್ಲಲು ಆಜ್ಞೆ ಮಾಡಿದರು.

"ಏನ್ ಹಾಕೀದಿ ದೇವಕ್ಕಾ ಇದರಾಗ?" ರಾಧಾಬಾಯಿ ಕೇಳಿದರು.

ದೇವಕ್ಕ ತಂಬಿಗೆ ಮೂಸಿದಳು. ರಮ್ಮಿನ ವಾಸನೆ ಬಂತು.

"ಹಾಗಲಕಾಯಿರಿ ಬಾಯಾರ. ಈ ಸಲದ್ದು ಭಾಳ ಎಳೀದಿತ್ತು."

ಬಾಗಿಲ ಹಿಂದೆ ವಿರೂಪಾಕ್ಷಪ್ಪ ನಕ್ಕು ನಕ್ಕು ಗೋಡೆ ಹಿಡಿದಿದ್ದ. ಅವಳು ಒಳಗೆ ಬಂದೊಡನೆ ಹೇಳಿದ: "ಮಾಸ್ತರ ನೂರಕ್ಕ ನೂರು ಕೊಟ್ರು. ತಳದಾಗ ಒಂದು ಗುಟುಕು ಉಳದೈತಿ. ಈಗರ ರುಚಿ ನೋಡ."

"ನಾಳೆ ನೋಡತೇನಿ. ಒಲಿ ಮ್ಯಾಲ ಅನ್ನ ಐತಿ."

ಬೆಳಗಾಗುವಷ್ಟರಲ್ಲಿ ಅವನಿರಲಿಲ್ಲ. ಮಲಗಿದಲ್ಲೇ ಎದೆ ನಿಂತಿತ್ತು.

ಮೂರನೆಯ ದಿನ ಫ್ರಿಜ್ ತೆರೆದಾಗ ತಂಬಿಗೆ ಅಲ್ಲೇ ಇತ್ತು. ದೇವಕ್ಕ ಆ ಗುಟುಕು ಕುಡಿದಳು. ಬಾಯಿಗಿಡಲಾರದಷ್ಟು ಹೊಲಸಾಗಿತ್ತು. ಬೈಯಲು ಮನೆಯಲ್ಲಿ ಯಾರೂ ಇರಲಿಲ್ಲ.

"ಛಲೋ ಆಗೇತಿ," ಎಂದಳು ಫ್ರಿಜ್ಜಿಗೆ.

ಹದಿನೈದು ದಿನದ ಮೇಲೆ ಮಾಸ್ತರರು ಮತ್ತೆ ಕಟ್ಟೆಗೆ ಬಂದರು. ಕುಡಿದು ಮುಖ ಕಿವುಚಿದರು. ಲೋಟದ ತಳ ನೋಡಿದರು.

"ತಪ್ಪು ತಿಳ್ಕೋಬ್ಯಾಡ ದೇವಕ್ಕಾ. ಅಡಿಗಿ ನಿಂದ ಛಲೋ ಅದ. ಆದ್ರ ಹಾಗಲಕಾಯಿ ಮಾತ್ರ, ಅವತ್ತ ಬಾಗಲ ಹಿಂದ ನಗತಿದ್ನಲ್ಲ, ಆ ವಿರೂಪಾಕ್ಷಪ್ಪನ ಕೈಯಾಗ ಆಗಬೇಕು."

ನಲವತ್ತು ವರ್ಷ ಒಲೆಯ ಮುಂದೆ ಕೂತವಳು, ಚಹಾ ಸೋಸಲು ಬಾರದವನ ಮುಂದೆ ಸೋತಳು.

ಈಗಲೂ ದಿನಾ ಬೆಳಗ್ಗೆ ನಲ್ಲಿಯ ಕೆಳಗೆ ಕೂತು ತಂಬಿಗೆ ಬೆಳಗುತ್ತಾಳೆ. ಬಳಸುವುದು ಒಂದು. ಬೆಳಗುವುದು ಎರಡು.