ನಮ್ಮ ಭಾವನ ಪಾಸ್‌ವರ್ಡು

ನಮ್ಮ ಭಾವನ ಹಾಗೆ ಗುಟ್ಟು ಕಾಪಾಡುವವರು ಗುಂಡ್ಲುಪೇಟೆಯಲ್ಲಿರಲಿ, ಇಡೀ ಚಾಮರಾಜನಗರ ಸೀಮೆಯಲ್ಲೇ ಸಿಗುವುದಿಲ್ಲ. ಕಾಪಾಡುವಂಥ ಗುಟ್ಟು ಅವರ ಹತ್ತಿರ ಒಂದೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಭಾವ ಅಂದರೆ ನನ್ನ ಅಕ್ಕನ ಗಂಡ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಡಿಟಿಪಿ ಅಂಗಡಿ ತೆರೆದರು. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ತಿಥಿ ಕಾರ್ಡು, ಇಷ್ಟೇ ಕಸುಬು. ಊರಿಗೆಲ್ಲ ಹಂಚುವುದಕ್ಕೆಂದೇ ಅಚ್ಚು ಹಾಕಿಸುವ ಲಗ್ನಪತ್ರಿಕೆಯಲ್ಲಿ ಗುಟ್ಟು ಎಲ್ಲಿಂದ ಬರಬೇಕು, ಹೇಳಿ? ಆದರೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಅದು ಪಾಸ್‌ವರ್ಡ್ ಕೇಳುತ್ತಿತ್ತು. ಯಂತ್ರವೇ ಕೇಳುತ್ತಿದೆ ಅಂದಮೇಲೆ ಒಳಗೆ ಕಾಯುವಂಥದ್ದು ಏನೋ ಇರಲೇಬೇಕು ಎಂದು ಭಾವ ತೀರ್ಮಾನಿಸಿಬಿಟ್ಟರು.

ಅಲ್ಲಿಂದ ಶುರುವಾಯಿತು. ಪಾಸ್‌ವರ್ಡ್ ಒತ್ತುವಾಗ ಗಿರಾಕಿಗಳೆಲ್ಲ ರಸ್ತೆಯ ಕಡೆ ಮುಖ ಮಾಡಿ ನಿಲ್ಲಬೇಕು. ಭಾವ ಕೀಬೋರ್ಡಿನ ಮೇಲೆ ಟವಲು ಹೊದಿಸಿ, ಅದರೊಳಗೆ ಒಂದೇ ಬೆರಳು ತೂರಿಸಿ ತಡಕಾಡುತ್ತಿದ್ದರು. ಕಳ್ಳರಿಗೆ ಕಾಣದ್ದು ಅವರಿಗೂ ಕಾಣುತ್ತಿರಲಿಲ್ಲ. ಹತ್ತು ಸಲ ತಪ್ಪಿ ಒಂದು ಸಲ ಸರಿಯಾಗುತ್ತಿತ್ತು.

"ಮನೆ ಬಾಗ್ಲಿಗೆ ಚಿಲ್ಕ ಆಕದ ಮನ್ಸ, ಅಲ್ಲಿ ಟವಲ್ ಮುಚ್ಕಂಡು ಕೂತವ್ರೆ," ಎಂದು ಅಕ್ಕ ನನ್ನ ಹತ್ತಿರ ದೂರಿದಳು. ನಾನೋ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ನೋಡಲು ಬಸ್ಸಿನಿಂದ ಇಳಿದು ಮನೆಗೆ ವಾಪಸ್ಸು ಓಡುವ ಜಾತಿ. ಚಾಮರಾಜನಗರದಿಂದ ಅವರ ಮನೆಗೆ ಹೋದಾಗಲೆಲ್ಲ ಭಾವ ಮಾಡುತ್ತಿರುವುದೇ ಸರಿ ಎಂದು ಬೆನ್ನು ತಟ್ಟಿ ಬರುತ್ತಿದ್ದೆ.

ಕೊನೆಗೆ ಬೇರೆ ದಾರಿಯಿಲ್ಲದೆ ಭಾವ ಪಾಸ್‌ವರ್ಡನ್ನು ಮಾದೇವಿಗೆ ಹೇಳಿಕೊಟ್ಟರು. ಮಾದೇವಿ ಅಂಗಡಿಯಲ್ಲಿ ಟೈಪ್ ಮಾಡುವ ಹುಡುಗಿ. ದಿನಾ ಉಡಿಗಾಲದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಬೆರಳು ನೋಡದೆ ಕನ್ನಡ ಹೊಡೆಯುವವಳು. ಅವಳ ಅಪ್ಪನಿಗೆ ಮಗಳು ಬಸ್ ಹತ್ತಿ ಕೆಲಸಕ್ಕೆ ಹೋಗುವುದು ಇಷ್ಟವಿರಲಿಲ್ಲ. ಏನಾದರೂ ಒಂದು ಮಾತು ಬಂತೋ, ಮಾರನೇ ದಿನದಿಂದಲೇ ಅರಿಶಿನದ ಹೊಲಕ್ಕೆ ನಡಿ ಎಂದು ಮೊದಲೇ ಕರಾರು ಮಾಡಿದ್ದ. ಭಾವ ದೇವರ ಪಟದ ಮುಂದೆ ಅವಳ ಕೈಯಲ್ಲಿ ಕರ್ಪೂರ ಹಚ್ಚಿಸಿ ಆಣೆ ಮಾಡಿಸಿಕೊಂಡರು. "ಇದು ನಂಗೂ ನಿಂಗೂ ಬುಟ್ರೆ ಆ ದೇವ್ರಿಗೂ ಗೊತ್ತಾಗ್ಬಾರ್ದು ಕಣಮ್ಮಿ."

"ಮತ್ಯಾಕಣ್ಣ ದೇವ್ರ ಮುಂದೆ ಗುಟ್ಟೇಳುದ್ರಿ?" ಅಂದಳಂತೆ ಅವಳು.

ಹೀಗಿರುವಾಗ ಭೀಮನಬೀಡಿನ ಒಂದು ದೊಡ್ಡ ಮನೆಯ ಲಗ್ನಪತ್ರಿಕೆ ಬಂತು. ಲಗ್ನಪತ್ರಿಕೆಯಲ್ಲಿ ಹುಡುಗ ಹುಡುಗಿಯ ಹೆಸರು ಹೆಚ್ಚುಕಮ್ಮಿಯಾದರೂ ನಮ್ಮ ಕಡೆಯವರು ಸಹಿಸಿಯಾರು. ಕೆಳಗೆ "ಸುಖಾಗಮನ ಬಯಸುವವರು" ಅಂತ ಇರುತ್ತದಲ್ಲ, ಅಲ್ಲಿ ಯಾರ ಮೇಲೆ ಯಾರು ಎನ್ನುವುದು ಒಂದು ಸಾಲು ಆಚೀಚೆಯಾಗಕೂಡದು. ಮನೆಯವರು ಪ್ರೂಫ್ ನೋಡಿ, ಒಪ್ಪಿ, ಸಹಿ ಹಾಕಿ ಹೋಗಿದ್ದರು. ಅಚ್ಚಾಗಿ ಬಂದಾಗ ನೋಡಿದರೆ ಮದುಮಗಳ ಚಿಕ್ಕಪ್ಪನ ಹೆಸರು ದೊಡ್ಡಪ್ಪನ ತಲೆಯ ಮೇಲೆ ಕೂತಿತ್ತು.

ದೊಡ್ಡಪ್ಪ ಅಂಗಡಿಗೆ ಬಂದು ಕಾರ್ಡುಗಳನ್ನು ಮೇಜಿನ ಮೇಲೆ ಸುರಿದರು. "ನಾನು ಚಪ್ಪರ್ದ ಕೆಳಿಕ್ಕೆ ಕಾಲಿಕ್ಕಲ್ಲ ಕಣಯ್ಯಾ. ಮದ್ವೆ ನಿಂತೋದ್ರೆ ನೀನೇ ಒಣೆ."

ಭಾವ ಸಹಿ ಹಾಕಿದ್ದ ಪ್ರೂಫು ತೆಗೆದು ಕಾರ್ಡಿನ ಪಕ್ಕ ಇಟ್ಟು ನೋಡಿದರು. ಲೆಕ್ಕ ಥಟ್ಟನೆ ಹಾಕಿದರು. ಪ್ರೂಫ್ ಒಪ್ಪಿದ ಮೇಲೆ ಯಾರೋ ಒಳಗೆ ಕೈಯಾಡಿಸಿದ್ದಾರೆ. ಪಾಸ್‌ವರ್ಡ್ ಗೊತ್ತಿರುವುದು ಇಬ್ಬರಿಗೆ. ಅದರಲ್ಲಿ ತಾನು ಮಾಡಿಲ್ಲ.

"ನಾನ್ಯಾಕಣ್ಣ ಮಾಡ್ಲಿ? ಅವ್ರ ಚಿಕ್ಕಪ್ಪ ನಂಗೇನಾಗ್ಬೇಕು?" ಅಂದಳು ಮಾದೇವಿ.

"ನಾಳಿಂದ ಬರ್ಬ್ಯಾಡ," ಅಂದರು ಭಾವ. ಅವಳು ಊಟದ ಡಬ್ಬಿ ತೆಗೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಮಾರನೇ ದಿನ ಹೊಸ ಕಾರ್ಡಿನ ಮಾತಿಗೆ ಇಡೀ ಕುಟುಂಬವೇ ಬಂತು. ರಜೆ ಹಾಕಿ ಬಂದಿದ್ದ ನಾನೂ ಅಲ್ಲೇ ಇದ್ದೆ. ದೊಡ್ಡಪ್ಪ ಒಂದು ಕಡೆ, ಚಿಕ್ಕಪ್ಪ ಬಾಗಿಲ ಹತ್ತಿರ, ನಡುವೆ ಸ್ಟೂಲಿನ ಮೇಲೆ ಅವರಿಬ್ಬರ ತಾಯಿ, ಮದುಮಗಳ ಅಜ್ಜಿ.

"ಆ ಎಣ್ಮಗ ಮಾಡ್ನಿಲ್ಲ ಅಂತದಂತಲ್ಲಪ್ಪ. ನೀನೇನು ಕಣ್ಣಲ್ಲಿ ಕಂಡಿದ್ದಯ್ಯಾ?" ಅಂದರು ಅಜ್ಜಿ.

"ಕಾಣೋದೇನ್ ಬಂತು ಅಜ್ಜಿ? ಪಾಸ್‌ವರ್ಡ್ ಇಲ್ದೆ ಇದು ಯಾರ್ಗೂ ಬಾಯ್ ಬುಡಲ್ಲ. ಬೇಕಾದ್ರೆ ನೀವೇ ಒತ್ತಿ, ಯಾವ್ ಗುಂಡಿ ಬೇಕಾದ್ರೂ ಒತ್ತಿ," ಎಂದು ಭಾವ ಕಂಪ್ಯೂಟರ್ ಆನ್ ಮಾಡಿದರು. ಪರದೆಯ ಮೇಲೆ ಪುಟ್ಟ ಪೆಟ್ಟಿಗೆ ಬಂತು, ಪಾಸ್‌ವರ್ಡ್ ಕೇಳಿತು.

ಅಜ್ಜಿ ಕೀಬೋರ್ಡನ್ನು ಮೇಲಿಂದ ಕೆಳಗೆ ನೋಡಿ, ಎಡಗಡೆಯ ಮೇಲಿನ ಮೂಲೆಯ ಎಸ್ಕೇಪ್ ಎಂಬ ಗುಂಡಿಯನ್ನು ಒತ್ತಿದರು.

ಪೆಟ್ಟಿಗೆ ಮಾಯ. ಕಂಪ್ಯೂಟರ್ ಪೂರ್ತಿ ತೆರೆದುಕೊಂಡು, ಅಂಗಡಿಯ ಕಾರ್ಡುಗಳೆಲ್ಲ ಸಾಲಾಗಿ ಕಾಣಿಸಿದವು.

"ಎಲ್ರೂ ಒತ್ತೊತ್ತಾಗಿ ಕೂತವ್ರೆ. ಇದೊಂದು ಮೂಲೇಲಿ ಒಂಟಿಯಾಗಿತ್ತು, ಪಾಪ ಅನ್ನುಸ್ತು," ಅಂದರು ಅಜ್ಜಿ.

ಭಾವ ಮತ್ತೆ ಆಫ್ ಮಾಡಿ, ಆನ್ ಮಾಡಿ, ತಾವೇ ಆ ಗುಂಡಿ ಒತ್ತಿದರು. ಮತ್ತೆ ತೆರೆಯಿತು. ಬಾಗಿಲ ಹತ್ತಿರ ಸದ್ದಾಯಿತು. ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ನಿಂತ್ಕಳ್ಲಾ," ಅಂದರು ಅಜ್ಜಿ. "ನಿಮ್ ಆಪೀಸ್ನಲ್ಲೂ ಇಂತದೇ ಪೆಟ್ಗೆ ಅದೆ ಅಂತಿದ್ದಲ್ಲ?"

"ನನ್ನೆಸ್ರ ಒಂದೇ ಒಂದ್ ಸಾಲು ಮ್ಯಾಕ್ ಆಕ್ದೆ ಕಣವ್ವಾ," ಅಂದರು ಅವರು ತಲೆ ತಗ್ಗಿಸಿ. ಪ್ರೂಫ್ ಒಪ್ಪಿದ ದಿನ ಭಾವ ಊಟಕ್ಕೆ ಮನೆಗೆ ಹೋಗಿದ್ದಾಗ, ಮಾದೇವಿಯೂ ಉಣ್ಣಲು ಯಂತ್ರ ಆಫ್ ಮಾಡಿದ್ದು ಕಂಡು, "ನೀನು ಉಣ್ಣೋಗಮ್ಮಿ, ಅಂಗ್ಡಿ ನಾನ್ ನೋಡ್ಕತೀನಿ" ಎಂದು ಅವಳನ್ನು ಅಂಗಡಿಯ ಹಿಂಬದಿಗೆ ಕಳಿಸಿದ್ದರಂತೆ.

ನನಗೆ ಚಿಕ್ಕಪ್ಪನ ಮೇಲೆ ಬಂದ ಸಿಟ್ಟು ಸಂಜೆಗೆ ಇಳಿಯಿತು. ಆ ಕಂಪ್ಯೂಟರಿನ ವಿಂಡೋಸಿನ ಮೇಲೆ ಬಂದದ್ದು ಇವತ್ತಿಗೂ ಇಳಿದಿಲ್ಲ. ಬಾಗಿಲಿಗೆ ಬೀಗ ಜಡಿದು, ಪಕ್ಕದಲ್ಲೇ "ಬೀಗದ ಕೈ ಇಲ್ಲದವರು ಈ ಕಡೆಯಿಂದ ಬನ್ನಿ" ಎಂದು ಬೋರ್ಡು ಹಾಕುವ ಮನೆಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಅದು ಬೀಗವೇ ಅಲ್ಲ, ಒಂದೇ ಯಂತ್ರವನ್ನು ನಾಲ್ಕು ಜನ ಬಳಸುವ ಕಡೆ ಈಗ ಕೂತವರು ಯಾರು ಅಂತ ತಿಳಿಯುವುದಕ್ಕೆ ಕೇಳುತ್ತಿತ್ತು ಅಷ್ಟೇ ಎಂದು ಆಮೇಲೆ ತಿಳಿದವರು ಸಮಾಧಾನ ಹೇಳಿದರು. ಹಾಗಿದ್ದರೆ ನೆಟ್ಟಗೆ ಹೆಸರು ಕೇಳಿ ಸುಮ್ಮನಿರಬೇಕಿತ್ತು. ಬೀಗದ ವೇಷ ಯಾಕೆ ಹಾಕಬೇಕಿತ್ತು? ಅದನ್ನು ನಂಬಿ ಒಂದು ಹುಡುಗಿಯ ಅನ್ನಕ್ಕೆ, ಮಾನಕ್ಕೆ ಕಲ್ಲು ಬಿತ್ತಲ್ಲ, ಅದಕ್ಕೆ ಯಾರು ಹೊಣೆ?

ಭಾವ ಇದ್ಯಾವುದನ್ನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ನನ್ನನ್ನು ಎಳೆದುಕೊಂಡು ಉಡಿಗಾಲಕ್ಕೆ ಹೊರಟರು. ಮಾದೇವಿಯ ಮನೆಯ ಜಗಲಿಯಲ್ಲಿ ಅವಳ ಅಪ್ಪ ಕುಡುಗೋಲು ಮಸೆಯುತ್ತ ಕೂತಿದ್ದ. ಮಗಳು ಸೀರೆ ಎತ್ತಿ ಕಟ್ಟಿ ಹೊಲಕ್ಕೆ ಹೊರಟು ನಿಂತಿದ್ದಳು.

"ಯಜಮಾನ್ರೆ, ನಿಮ್ ಮಗ್ಳದ್ದು ಏನೂ ತಪ್ಪಿಲ್ಲ. ನಂದೇ ತಪ್ಪು. ಕಳಿಸ್ಕೊಡಿ," ಅಂದರು ಭಾವ, ನಿಂತೇ. ಅಪ್ಪ ಕುಡುಗೋಲನ್ನು ಜಗಲಿಯ ಮೇಲೆ ಇಟ್ಟ. ಆಮೇಲೆ ಮಗಳ ಕಡೆ ತಿರುಗಿದ. "ಏನಮ್ಮಿ, ಕೆಲ್ಸಕ್ಕೋದಯಾ?" ಅವಳು ಒಳಗೆ ಹೋಗಿ, ಸೀರೆ ಬದಲಾಯಿಸಿ, ಡಬ್ಬಿ ಹಿಡಿದು ಬಂದಳು.

ಬಸ್ಸು ಹತ್ತಿದ ಕೂಡಲೇ ಹಿಂದಿನ ಸೀಟಿನ ಹೆಂಗಸು ಕೇಳಿದಳು. "ನೆನ್ನೆ ಕಾಣ್ನಿಲ್ವಲ್ಲಮ್ಮಿ, ಕೆಲ್ಸ ಬುಡ್ಸುದ್ರಂತೆ?"

ಮಾದೇವಿ ಬಾಯಿ ತೆರೆಯುವ ಮುಂಚೆಯೇ ಭಾವ ಎದ್ದು ನಿಂತರು. "ನಾನೇ ಬುಡ್ಸಿದ್ದು ಕಣವ್ವಾ. ಅವ್ಳು ಏನೂ ಮಾಡಿರ್ನಿಲ್ಲ. ನಂಗೆ ಬುದ್ಧಿ ಇರ್ನಿಲ್ಲ." ತೆರಕಣಾಂಬಿಯಲ್ಲಿ ಜನ ಹತ್ತಿದರು. ಯಾರೂ ಕೇಳದಿದ್ದರೂ ಅವರಿಗೂ ಹೇಳಿದರು. ಕಂಡಕ್ಟರಿಗೆ ಟಿಕೆಟ್ಟಿನ ಜೊತೆ ಹೇಳಿದರು.

ಮಾದೇವಿ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡು ಮೆಲ್ಲಗೆ ಅಂದಳು: "ಸಾಕು ಬುಡಿ ಅಣ್ಣ. ಬಸ್ನೋರ್ಗೆಲ್ಲ ಗೊತ್ತಾಯ್ತು."

"ಡ್ರೈವರ್‌ಗೆ ಇನ್ನೂ ಗೊತ್ತಿಲ್ಲ ಕಣಮ್ಮಿ," ಎಂದು ಭಾವ ಕಂಬಿ ಹಿಡಿದುಕೊಂಡು ಮುಂದಕ್ಕೆ ನಡೆದರು.