ನಾಲ್ಕು ಗೋಡೆ, ನಾಲ್ಕು ದೃಶ್ಯ

ಅರ್ಜಿಯನ್ನು ಹೆಂಡತಿ ಬರೆದಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. "ನಾವು ಗಂಡ ಹೆಂಡ್ತಿ ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳಿಗೆ ನಾಟಕ ಕಲಿಸ್ತೀವಿ ಅಂತ ಬರೀರಿ, ಸಾಕು" ಎಂದು ಅವಳು ಹೇಳಿದ್ದಳು. ಗಂಡ ಗುಡುಗಿಗೆ ಅದು ಉಪ್ಪಿಲ್ಲದ ಊಟದಂತೆ ಕಂಡಿತು. ಪೆನ್ನು ಕಚ್ಚಿ, ಸೂರು ದಿಟ್ಟಿಸಿ, ಕೊನೆಗೆ ಬರೆದ: "ಇಪ್ಪತ್ತು ವರ್ಷಗಳಿಂದ ಬಣ್ಣ ಹಚ್ಚುವುದೇ ನಮ್ಮ ಬದುಕು." ಬರೆದದ್ದನ್ನು ತಾನೇ ಎರಡು ಸಲ ಓದಿ ಕಣ್ಣೊರೆಸಿಕೊಂಡ.

ಗುಡುಗು ಅವನ ಅಡ್ಡಹೆಸರು. ನಾಟಕದ ಕಂಪನಿಯಲ್ಲಿ ತೆರೆಯ ಹಿಂದೆ ನಿಂತು, ತಗಡು ಬಡಿದು ಗುಡುಗಿನ ಸದ್ದು ಮಾಡುತ್ತಿದ್ದವನು ಅವನು. ಮುಂದೆ ಅವನಿಗೆ ರಾಜನ ಪಾತ್ರಕ್ಕೆ ಬಡ್ತಿ ಸಿಕ್ಕಿತು, ಹೆಸರಿಗೆ ಸಿಗಲಿಲ್ಲ. ಗುಡುಗೆಲ್ಲ ರಂಗದ ಮೇಲೆ ಮಾತ್ರ. ಕೆಳಗಿಳಿದ ಮೇಲೆ ಯಾರಾದರೂ ಹುಬ್ಬೇರಿಸಿದರೆ ಸಾಕು, ಬರೀ ತುಂತುರು.

ಶಿಕ್ಷಣ ಸಾಹೇಬರ ಕಚೇರಿಯಿಂದ ಉತ್ತರ ಬಂತು. ಸೋಮವಾರ ಮೇಲಿನೂರಿನ ಶಾಲೆಯಲ್ಲಿ ಒಂದು ದಿನ ಕೆಲಸ ಮಾಡಿ ತೋರಿಸಬೇಕು. ಸಂಜೆ ನಾಲ್ಕಕ್ಕೆ ಸಾಹೇಬರು ಬಂದು ನೋಡಿ ಮೆಚ್ಚಿದರೆ ವರ್ಷಪೂರ್ತಿ ನಲವತ್ತು ಶಾಲೆ.

"ಇದೂ ಆಗ್ಲಿಲ್ಲ ಅಂದ್ರೆ ನಾನು ಅಕ್ಕನ ಹೊಲಿಗೆ ಅಂಗಡಿ ಸೇರ್ಕೋತೀನಿ" ಎಂದಳು ಹೆಂಡತಿ ಬಸ್ಸಿನಲ್ಲಿ. "ನೀವು ಒಬ್ರೇ ತಿರುಗಿ."

ಗುಡುಗು ಥಟ್ಟನೆ ಅವಳತ್ತ ತಿರುಗಿದ. ಅವಳಿಲ್ಲದ ಬಸ್ಸೆಂದರೇನು! ವೇಷದ ಟ್ರಂಕಿನ ಇನ್ನೊಂದು ಹಿಡಿಕೆ ಹಿಡಿಯುವವರು ಯಾರು? ತಾನು ಮಾತು ಮರೆತು ಕಣ್ಣುಕಣ್ಣು ಬಿಡುವಾಗ ಪಿಸುಗುಟ್ಟುವವರು ಯಾರು? ಈ ನಲವತ್ತು ಶಾಲೆಯನ್ನು ಹೇಗಾದರೂ ಗಿಟ್ಟಿಸಲೇಬೇಕೆಂದು ಅವನು ಟ್ರಂಕನ್ನು ಅಪ್ಪಿ ಕೂತ.

ಹೆಡ್‌ಮೇಷ್ಟ್ರು ಶಾಲೆಯ ಗೇಟಿನಲ್ಲೇ ಕಾದಿದ್ದರು.

"ಬನ್ನಿ ಬನ್ನಿ! ಬಣ್ಣದವ್ರು ತಾನೆ?"

"ಹೌದು ಸಾರ್, ಬಣ್ಣದವ್ರೇ" ಎಂದು ಹಿಗ್ಗಿದ ಗುಡುಗು. "ನಾಲ್ಕು ದೃಶ್ಯ ಮಾಡ್ಬೇಕು ಅಂದ್ಕೊಂಡಿದೀವಿ."

"ನಾಲ್ಕು ದೃಶ್ಯ! ನಮ್ಮ ಹಾಲ್‌ನಲ್ಲಿ ಇರೋದೂ ನಾಲ್ಕೇ ಗೋಡೆ. ಗೋಡೆಗೊಂದು! ಪಾತ್ರ ಎಷ್ಟು ಬೇಕು?"

"ಆರಿದ್ರೆ ಸಾಕು ಸಾರ್."

"ಆರೇನು, ಹನ್ನೆರಡು ತೊಳೆದಿಡ್ಸಿದೀನಿ!"

"ತೊಳೆದಿಡ್ಸಿದಾರಂತೆ" ಎಂದು ಹೆಂಡತಿ ಗಂಡನ ತೋಳು ಜಿಗುಟಿದಳು.

"ಮಕ್ಕಳ ಮುಖ ತೊಳೆಸಿರ್ಬೇಕು ಕಣೇ, ಶಿಸ್ತಿನ ಮನುಷ್ಯ. ನಾಲ್ಕು ದಿಕ್ಕಿಗೂ ರಂಗ ಅಂತಾರೆ ನೋಡು, ನಾಟಕಾನ ಅರೆದು ಕುಡಿದುಬಿಟ್ಟಿದಾರೆ!"

ಹೆಡ್‌ಮೇಷ್ಟ್ರು ಹಾಲಿನ ಬಾಗಿಲು ತೆರೆದರು. ಒಳಗೆ ಹನ್ನೆರಡು ಬಕೆಟ್ಟುಗಳು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಬಣ್ಣದ ಡಬ್ಬಗಳು, ಬ್ರಷ್ಷುಗಳು ಮತ್ತು ಒಂದು ಏಣಿ.

ಗುಡುಗು ಹನ್ನೆರಡು 'ಪಾತ್ರ'ಗಳನ್ನೂ ಎಣಿಸಿ ನೋಡಿದ. ಹೆಂಡತಿಗೆ ಮಾತ್ರ ನಗು ತಡೆಯಲಾಗದೆ ಸೆರಗು ಬಾಯಿಗೆ ಹೋಯಿತು.

"ಸಾರ್, ಒಂದು ಚಿಕ್ಕ ತಪ್ಪು ತಿಳುವಳಿಕೆ..." ಎಂದು ಅವನು ಶುರುಮಾಡಿದ.

"ತಪ್ಪು ಗಿಪ್ಪು ಅನ್ಬೇಡಿ!" ಹೆಡ್‌ಮೇಷ್ಟ್ರು ಅವನ ಎರಡೂ ಕೈ ಹಿಡಿದುಕೊಂಡರು. "ಮೂರು ಜನ ಪೇಂಟರ್‌ಗಳು ಕೈ ಕೊಟ್ರು. ಗೋಡೆ ಹೀಗೇ ಇದ್ರೆ ಸಾಹೇಬ್ರು ನನ್ನನ್ನ ಎತ್ತಂಗಡಿ ಮಾಡ್ತಾರೆ. ನಿಮ್ಮ ಕೆಲಸ ಚೆನ್ನಾಗಿದೆ ಅಂತ ನಾನು ಹೇಳಿದ್ರೆ ನಲವತ್ತು ಶಾಲೆ ನಿಮ್ದೇ." ಅಷ್ಟು ಹೇಳಿ ಹುಬ್ಬೇರಿಸಿದರು.

ತುಂತುರು ಶುರುವಾಯಿತು. "ಯಾವ ಗೋಡೆಯಿಂದ ಶುರು ಮಾಡ್ಲಿ ಸಾರ್?" ಎಂದುಬಿಟ್ಟ ಗುಡುಗು.

"ಆಗ್ಲಿ, ನೀವು ಗೋಡೆ ನೋಡ್ಕೊಳ್ಳಿ, ನಾನು ಮಕ್ಕಳಿಗೆ ನಾಟಕ ಹೇಳ್ಕೊಡ್ತೀನಿ. ಸಾಹೇಬ್ರು ಎರಡನ್ನೂ ನೋಡ್ಲಿ" ಎಂದು ಹೆಂಡತಿ ಸೆರಗು ಸಿಕ್ಕಿಸಿದಳು.

ನಾಟಕ ನೆಗಡಿ ಹಿಡಿದ ಸಿಂಹದ್ದು. ಅರ್ಧ ಗಂಟೆಯಲ್ಲಿ ಮಕ್ಕಳು ಮೊಲವಾಗಿ, ಮರವಾಗಿ, ಸೀನಾಗಿ ಹಾಲಿನ ತುಂಬ ಹಾರಾಡತೊಡಗಿದರು. ಗುಡುಗು ಏಣಿ ಹತ್ತಿ ಅದೇ ಸಿಂಹವನ್ನು ಗೋಡೆಗೆ ಬರೆಯಲು ಹೊರಟ. ಜೀವಮಾನದಲ್ಲಿ ಮೀಸೆ ಬಿಟ್ಟು ಬೇರೇನೂ ಬರೆದವನಲ್ಲ. ಹಾಗಾಗಿ ಮೀಸೆ ಸೊಗಸಾಗಿ ಬಂತು, ಉಳಿದದ್ದು ಎತ್ತೆತ್ತಲೋ ಹೋಯಿತು.

ಲೆಕ್ಕದ ಮೇಷ್ಟ್ರು ಟೇಪು ಹಿಡಿದು ಬಂದರು. "ಇದರ ಎಡಗಾಲು ಬಲಗಾಲಿಗಿಂತ ಎಂಟು ಇಂಚು ಉದ್ದ ಇದೆ."

"ಕುಂಟ್ತಾ ಇದೆ ಸಾರ್."

"ಕಾಲು ಐದು ಯಾಕಿದೆ?"

"ಅದು ಬಾಲ ಸಾರ್."

"ಬಾಲಕ್ಕೆ ಉಗುರಿರಲ್ಲ" ಎಂದು ಬರೆದುಕೊಂಡು ಹೋದರು. ಅಷ್ಟರಲ್ಲಿ ಮಕ್ಕಳೆಲ್ಲ ಗೋಡೆ ನೋಡಿ ಕಿಸಕ್ಕನೆ ನಕ್ಕರು. ಮೀಸೆ ಸಮೇತ ಆ ಮುಖ ಅಚ್ಚು ಹೆಡ್‌ಮೇಷ್ಟ್ರದ್ದೇ ಆಗಿತ್ತು. ಹೆಡ್‌ಮೇಷ್ಟ್ರು ತಲೆ ಓರೆ ಮಾಡಿ ನೋಡಿದರು. "ಬೆಕ್ಕು ಚೆನ್ನಾಗಿದೆ. ಎಲ್ಲೋ ನೋಡಿದ ಹಾಗಿದೆಯಲ್ಲ!"

ನಾಲ್ಕಕ್ಕೆ ಐದು ನಿಮಿಷವಿತ್ತು. ಸಿಂಹ ಕೊನೆಯ ಸೀನು ಸೀನಬೇಕು, ಕಾಡೆಲ್ಲ ನಡುಗಬೇಕು. "ರೀ, ಗುಡುಗು!" ಎಂದು ಹೆಂಡತಿ ಕೂಗಿದಳು. ಇಪ್ಪತ್ತು ವರ್ಷದ ಅಭ್ಯಾಸ ಬಿಟ್ಟೀತೇ? ಏಣಿಯ ಮೇಲಿದ್ದ ಗುಡುಗು ಕೈಗೆ ಸಿಕ್ಕ ಬಕೆಟ್ಟನ್ನು ತಲೆಯ ಮೇಲೆತ್ತಿ, ಬೋರಲು ಹಾಕಿ, ತಳಕ್ಕೆ ಢಮಾರನೆ ಬಡಿದ. ಬಕೆಟ್ಟಿನ ತುಂಬ ನೀಲಿ ಬಣ್ಣವಿತ್ತು.

ಸಾಹೇಬರು ಒಳಗೆ ಕಾಲಿಟ್ಟದ್ದು ಆಗಲೇ. ನೆತ್ತಿಯಿಂದ ಹಿಮ್ಮಡಿವರೆಗೆ ನೀಲಿಯಾದವನೊಬ್ಬ ಏಣಿ ಇಳಿಯುತ್ತಿದ್ದ. ಮಕ್ಕಳು ಅದೂ ನಾಟಕದ್ದೇ ಎಂದುಕೊಂಡು "ಮಳೆರಾಯ ಬಂದ!" ಎಂದು ಅವನ ಸುತ್ತ ಕುಣಿದರು. ಸಾಹೇಬರು ಹೊಟ್ಟೆ ಹಿಡಿದು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಇಷ್ಟು ನಗಿಸಿದ ಮೇಲೆ ಹೆದರುವುದೇನು! ನೀಲಿ ಮುಖದಲ್ಲಿ ಬಿಳಿ ಹಲ್ಲು ತೋರಿಸುತ್ತ ಗುಡುಗು ಧೈರ್ಯ ಮಾಡಿದ. "ಸಾರ್, ನಿಜ ಹೇಳ್ಬಿಡ್ತೀನಿ. ನಾವು ಪೇಂಟರ್‌ಗಳಲ್ಲ."

"ಗೋಡೆ ನೋಡಿದಾಗ್ಲೇ ಗೊತ್ತಾಯ್ತು" ಎಂದರು ಸಾಹೇಬರು.

"ನಾವು ನಾಟಕದವರು ಸಾರ್!"

"ಆ ಆಸೆ ಯಾರಿಗಿರಲ್ಲ ಹೇಳಿ. ಹವ್ಯಾಸಕ್ಕೆ ಚೆನ್ನಾಗೇ ಮಾಡ್ತೀರ. ಆದ್ರೆ ನಾಟಕ ಅಂದ್ರೆ ಕೆಳಗಿನೂರಿನ ಶಾಲೇಲಿ ಈಗ ನೋಡ್ಕೊಂಡು ಬಂದೆ ನೋಡಿ! ಅಲ್ಲಿಗೂ ಒಂದು ಗಂಡ ಹೆಂಡ್ತಿ ಬಂದಿದಾರೆ. 'ನಮ್ಮ ಕೈಗೆ ಸಿಕ್ಕಿದ್ರೆ ಗೋಡೇನೂ ಮಾತಾಡುತ್ತೆ' ಅಂತ ಅರ್ಜೀಲಿ ಬರೆದಿದ್ರು. ಗೋಡೇನೇ ಮಾತಾಡಿಸೋರಿಗೆ ಮಕ್ಕಳು ಯಾವ ಲೆಕ್ಕ ಅಂತ ನಮ್ಮ ಗುಮಾಸ್ತ ಅವರನ್ನೇ ನಾಟಕಕ್ಕೆ ಕಳಿಸಿದ."

"ಏನು ಮಾಡಿದ್ರು ಸಾರ್?" ಗುಡುಗಿನ ದನಿ ಇಳಿಯಿತು.

"ಒಂದು ಮಾತಿಲ್ಲ! ಖಾಲಿ ಗೋಡೆ ಮುಂದೆ ನಿಂತು, ಇಲ್ಲದ ಏಣಿ ಹತ್ತಿ, ಇಲ್ಲದ ಬ್ರಷ್‌ನ ಇಲ್ಲದ ಬಣ್ಣಕ್ಕೆ ಅದ್ದಿ ಬಳಿದ್ರು ನೋಡಿ! ಅರವತ್ತು ಮಕ್ಕಳೂ ಅವರ ಹಿಂದೆ ಹಾಗೇ ಬಳಿದ್ರು. ಎಂಥ ಅಭಿನಯ! ಬ್ರಷ್ ಹಿಡಿದ ಕೈ ಎಷ್ಟು ನಿಜ ಅಂತೀರಿ! ನಲವತ್ತೂ ಶಾಲೆ ನಾಟಕಾನ ಅಲ್ಲೇ ಅವರ ಹೆಸರಿಗೆ ಬರ್ಕೊಟ್ಟೆ."

"ರೀ, ಅವರೇ ಪೇಂಟರು" ಎಂದು ಹೆಂಡತಿ ಪಿಸುಗುಟ್ಟಿದಳು. "ಅವರಿಗೆ ಸಿಗಬೇಕಾದ ಬಣ್ಣ, ಏಣಿ ಎಲ್ಲ ಇಲ್ಲಿದೆ. ಪಾಪ, ಬರಿಗೈಲಿ ಇನ್ನೇನು ಮಾಡ್ತಾರೆ!"

ಗುಡುಗು ಬಾಯಿ ತೆರೆದ. ಸಾಹೇಬರು ಹುಬ್ಬೇರಿಸಿದರು. ಬಾಯಿ ಮುಚ್ಚಿಕೊಂಡಿತು.

"ಬೇಜಾರ್ ಮಾಡ್ಕೋಬೇಡಿ, ನಿಮಗೂ ನಲವತ್ತು ಶಾಲೆ ಉಂಟು" ಎಂದು ಸಾಹೇಬರು ನೀಲಿ ಭುಜ ತಟ್ಟಲು ಹೋಗಿ ಕೈ ಹಿಂದೆಳೆದರು. "ಅವರ ಅಭಿನಯಕ್ಕೆ ಖಾಲಿ ಗೋಡೆ ಬೇಕು. ನೀವು ಒಂದು ದಿನ ಮುಂಚೆ ಹೋಗಿ ಸುಣ್ಣ ಬಳಿದಿಡಿ. ಈ ಬೆಕ್ಕಿನಿಂದಲೇ ಶುರು ಮಾಡಿ."

ಹೆಡ್‌ಮೇಷ್ಟ್ರು ತಮ್ಮ ಮೀಸೆಯನ್ನು ಮುಟ್ಟಿ ನೋಡಿಕೊಂಡರು. ಗುಡುಗಿಗೆ ಅಳು ಬಂತು, ಅಳುವಿನ ನಡುವೆಯೇ ಲೆಕ್ಕವೂ ಹೊಳೆಯಿತು. ನಲವತ್ತು ಊರು, ನಲವತ್ತು ಬಸ್ಸು, ಪ್ರತಿಯೊಂದರಲ್ಲೂ ಪಕ್ಕದ ಸೀಟಿನಲ್ಲಿ ಇವಳು. ಅವನು ಆಸೆಯಿಂದ ಹೆಂಡತಿಯ ಮುಖ ನೋಡಿದ.

ಅವಳು ಆಗಲೇ ಸಾಹೇಬರ ಮುಂದೆ ಕೈಕಟ್ಟಿ ನಿಂತಿದ್ದಳು. "ಹೋಗ್ತೀವಿ ಸಾರ್. ಒಂದೇ ಒಂದು ಕೇಳ್ಬೇಕು. ಏಣಿ ನೀವು ಕೊಡ್ತೀರೋ, ಇಲ್ಲದ್ದನ್ನೇ ಹತ್ಬೇಕೋ?"